ಯುರೇನಿಯಂ ಪ್ರಕ್ರಿಯೆಗೆ ಪೇಟೆಂಟ್ ಆಕ್ಷೇಪ ಬಂದರೆ ಉತ್ತರ ಬರೆಯುವ ಬಗೆ

ಕಲಬುರಗಿಯ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮ ಪೇಟೆಂಟ್ ಅರ್ಜಿಯ ಪರೀಕ್ಷಾ ವರದಿಗೆ (ಅರ್ಜಿಯನ್ನು ಪರಿಶೀಲಿಸಿ ಪೇಟೆಂಟ್ ಕಚೇರಿ ಕಳಿಸುವ ಆಕ್ಷೇಪಗಳ ಪತ್ರ) ಬರೆದಿದ್ದ ಉತ್ತರವನ್ನು ನನಗೆ ತೋರಿಸಿದರು. ತಮ್ಮ ಪ್ರಕ್ರಿಯೆ ಹೊಸದು ಎಂದು ಸಾಧಿಸುವುದಕ್ಕೇ ಇಪ್ಪತ್ತೆರಡು ಪುಟ ಹಿಡಿದಿತ್ತು. ಪರೀಕ್ಷಕರು ಅದನ್ನು ಕೇಳಿಯೇ ಇರಲಿಲ್ಲ.

ಮೊದಲು ಆಕ್ಷೇಪದ ಕಲಂ ಯಾವುದೆಂದು ನೋಡಿ. ಅವರಿಗೆ ಬಂದದ್ದು 1970ರ ಪೇಟೆಂಟ್ ಕಾಯ್ದೆಯ 4ನೇ ಕಲಂ. ಆಗ ಜಾರಿಯಲ್ಲಿದ್ದ 1962ರ ಅಣುಶಕ್ತಿ ಕಾಯ್ದೆಯ 20ನೇ ಕಲಂ, ಯುರೇನಿಯಂನಂಥ ವಸ್ತುಗಳ ರಾಸಾಯನಿಕ ಸಂಸ್ಕರಣೆಗೆ ಸಂಬಂಧಿಸಿದ್ದೆಂದು ಕೇಂದ್ರ ಸರ್ಕಾರ ಭಾವಿಸುವ ಆವಿಷ್ಕಾರಗಳಿಗೆ ಪೇಟೆಂಟನ್ನೇ ನಿರಾಕರಿಸುತ್ತಿತ್ತು. ಹೊಸತನದ ವಾದಕ್ಕೆ ಅಲ್ಲಿ ಜಾಗವಿರಲಿಲ್ಲ. ನಿಮ್ಮ ಅರ್ಜಿಗೆ ಯಾವ ಕಾಯ್ದೆ ಅನ್ವಯವೆಂಬುದನ್ನು ಖಚಿತಪಡಿಸಿಕೊಳ್ಳಿ.

ವರದಿ ಹೊರಟ ದಿನದಿಂದ ಆರು ತಿಂಗಳೊಳಗೆ ಉತ್ತರ ಸಲ್ಲಿಸಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ.

ಎಡವುವುದು ಕ್ಲೇಮ್, ಅಂದರೆ ಯಾವುದಕ್ಕೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಹೇಳುವ ಭಾಗ, ತಿದ್ದುವ ಹಂತದಲ್ಲಿ. ಅಧ್ಯಾಪಕರ ಒಂದನೇ ಕ್ಲೇಮಿನಲ್ಲಿ ಎರಡು ಕೆಲಸಗಳು ಹೆಣೆದುಕೊಂಡಿದ್ದವು: ನೀರಿನಲ್ಲಿರುವ ಯುರೇನಿಯಂ ಹಿಡಿಯುವ ರಾಳವನ್ನು ತಯಾರಿಸುವುದು, ಆಮೇಲೆ ಅದರಿಂದ ಬಿಡಿಸಿದ ದ್ರಾವಣಕ್ಕೆ ಅಮೋನಿಯ ಹಾಕಿ ಅಮೋನಿಯಂ ಡೈಯುರನೇಟ್ ಎಂಬ ಯುರೇನಿಯಂ ಸಂಯುಕ್ತವನ್ನು ತಳಕ್ಕಿಳಿಸಿ, ಅದನ್ನು ಕಾಸಿ ಆಕ್ಸೈಡ್ ಮಾಡುವುದು. ಎರಡನೆಯದು ಆಗಿನ ನಿಷೇಧದ ನಡುಮನೆಯಲ್ಲೇ ಕೂತಿತ್ತು. ಅದನ್ನು ಉಳಿಸಿಕೊಳ್ಳುವ ಆಸೆ ಬಿಡಬೇಕಿತ್ತು. ರಾಳದ ತಯಾರಿಕೆಯನ್ನು ಬೇರ್ಪಡಿಸಿ ಉಳಿಸಿಕೊಳ್ಳಬಹುದು, ಆದರೆ ಕಬ್ಬಿಣ ತೆಗೆಯುವಂಥ ಬೇರೆ ಬಳಕೆಯನ್ನು ಮೂಲ ಸ್ಪೆಸಿಫಿಕೇಷನ್ನಿನಲ್ಲೇ (ಅರ್ಜಿಯೊಂದಿಗೆ ಕೊಡುವ ಆವಿಷ್ಕಾರದ ವಿವರಣೆ) ಬರೆದಿದ್ದರೆ ಆ ವಾದಕ್ಕೆ ಬಲ ಬರುತ್ತದೆ. ಅಂದು ಬರೆಯದೇ ಬಿಟ್ಟದ್ದನ್ನು ಇಂದು ಸೇರಿಸಲು ಪೇಟೆಂಟ್ ಕಾಯ್ದೆಯ 59ನೇ ಕಲಂ ಬಿಡುವುದಿಲ್ಲ. ಅವರ ಮೂಲ ಪ್ರತಿಯ ಒಂಬತ್ತನೇ ಪುಟದ ಒಂದೇ ಸಾಲಿನಲ್ಲಿ ಕಬ್ಬಿಣದ ಪ್ರಸ್ತಾಪ ಸಿಕ್ಕಿತು. ನಮ್ಮ ಉತ್ತರವೆಲ್ಲ ಆ ಸಾಲಿನ ಮೇಲೆ ನಿಂತಿತು. ಆದ್ದರಿಂದ ಅರ್ಜಿ ಬರೆಯುವ ದಿನವೇ ಎಲ್ಲ ಬಳಕೆಗಳನ್ನೂ ಬರೆದಿಡಿ. ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ನಾನಂತೂ ಅವುಗಳನ್ನು ಮುಟ್ಟುವುದಿಲ್ಲ.

ಇಲ್ಲಿ ಆಗಲಿಲ್ಲ, ಹೊರದೇಶದಲ್ಲಿ ಹಾಕೋಣ ಎಂಬ ಅಡ್ಡದಾರಿ ಅಪಾಯದ್ದು. 39ನೇ ಕಲಮಿನ ಪ್ರಕಾರ ಪೂರ್ವಾನುಮತಿ ಬೇಕಿದ್ದೂ ಅದನ್ನು ಪಡೆಯದೆ ಹಾಗೆ ಮಾಡಿದರೆ ಶಿಕ್ಷೆಯುಂಟು.

ಅರ್ಜಿಯ ತೀರ್ಮಾನ ಮಾಡುವ ಪೇಟೆಂಟ್ ಅಧಿಕಾರಿ, ಅಂದರೆ ಕಂಟ್ರೋಲರ್, 15ನೇ ಕಲಂ ಅಡಿ ಅರ್ಜಿ ತಿರಸ್ಕರಿಸಿದರೆ ಮೂರು ತಿಂಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಪೇಟೆಂಟ್ ಕಾಯ್ದೆಯಡಿ ಕೇಂದ್ರ ಸರ್ಕಾರವೇ ನೀಡಿದ ನಿರ್ದೇಶನಕ್ಕೆ ಮಾತ್ರ 117ಎ ಕಲಂ ಆ ಅವಕಾಶ ಕೊಡುವುದಿಲ್ಲ.