ಮೊದಲು ಜೋಳವನ್ನು ಓಡಿಸಿದೆ, ಆಮೇಲೆ ಮಗಳನ್ನು

ಹೆರಿಗೆಗೆ ಮುಂಚೆ ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೆ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಿಂದ ಹೊರಟು ಉಣಕಲ್ ಕೆರೆ ಮುಟ್ಟಿ ವಾಪಸ್. ಮಗಳು ಹುಟ್ಟಿದ ಮೇಲೆ ಬೂಟು ಅಟ್ಟ ಸೇರಿತು. ಐದು ತಿಂಗಳಾದ ಮೇಲೆ ಡಾಕ್ಟರನ್ನು ಕೇಳಿ ಕೆಳಗಿಳಿಸಿದೆ. ಮೂರು ತಿಂಗಳೊಳಗೆ ಓಡೋದು ಬೇಡ ಅಂತ 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು ಬರೆದ ಮಾರ್ಗಸೂಚಿಯಲ್ಲೂ ಇದೆ. ನನಗೆ ಸಿಸೇರಿಯನ್ ಆಗಿತ್ತು, ಹಾಗಾಗಿ ಅವಸರ ಮಾಡಲಿಲ್ಲ.

ಕಷ್ಟ ಇದ್ದದ್ದು ಬೇರೆ. ಮನೆಯವರು ಏಳಕ್ಕೆ ಡ್ಯೂಟಿಗೆ ಹೊರಡುತ್ತಾರೆ, ಅತ್ತೆಗೆ ಮೊಣಕಾಲು ನೋವು. ಓಡಬೇಕಂದ್ರೆ ಕೂಸನ್ನು ಕರೆದುಕೊಂಡೇ ಓಡಬೇಕು. ಬೆಂಗಳೂರಿನ ನಾದಿನಿ ತನ್ನ ಮಗನನ್ನು ಕೂರಿಸಿ ತಳ್ಳುತ್ತಿದ್ದ ಹಳೇ ಗಾಡಿ ಕಳಿಸಿದಳು. ಓಡೋದಕ್ಕೆ ಅಂತಲೇ ಮಾಡಿದ್ದು. ಮೂರು ಗಾಲಿ, ಮೂರಕ್ಕೂ ಗಾಳಿ ತುಂಬುವ ಟೈರು, ಮುಂದಿನ ಗಾಲಿ ಅತ್ತಿತ್ತ ಹೊರಳದಂತೆ ಹಾಕುವ ಲಾಕು. ಕೂಸಿಗೆ ಎರಡೂ ಭುಜ, ಸೊಂಟ, ಕಾಲ ನಡುವೆ ಬಿಗಿಯುವ ಬೆಲ್ಟು. ಬಜಾರಿನಲ್ಲಿ ತಳ್ಳಿಕೊಂಡು ಅಡ್ಡಾಡುವ ಸಣ್ಣ ಗಾಲಿಯ ಗಾಡಿಯಲ್ಲಿ ಓಡಬಾರದು, ಮುಗ್ಗರಿಸುತ್ತೆ. ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಕೂಸನ್ನು ಹಾಕಿಕೊಂಡಂತೂ ಓಡಲೇಬಾರದು.

"ಕೂಸಿನ ಕರಳ ಅಲಗಾಡತಾವ, ಓಡಿಸಬ್ಯಾಡ" ಅಂದರು ಅತ್ತೆ. ಅವರದ್ದು ಪೂರ್ತಿ ತಪ್ಪೇನಲ್ಲ. ಕೂಸಿಗೆ ಆರು ತಿಂಗಳು ತುಂಬಿ, ಕುತ್ತಿಗೆ ಗಟ್ಟಿ ನಿಲ್ಲೋವರೆಗೂ ನಡಿಗೆ ಅಷ್ಟೇ. ಆ ಒಂದು ತಿಂಗಳು ಗಾಡಿಯಲ್ಲಿ ಜೋಳ ಕೂರಿಸಿಕೊಂಡು ಓಡಿದೆ. ಮಗಳು ಏಳು ಕೆಜಿ, ಜೋಳವೂ ಏಳು ಕೆಜಿ, ಬೆಲ್ಟು ಹಾಕಿ ಬಿಗಿದು. ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದ ಓಣಿಯ ಅಜ್ಜಿ ತಲೆ ಎತ್ತಿ ನೋಡಿದರು. "ಯಾಕವಾ, ಗಿರಣಿಗೆ ಹೊಂಟೀಯೇನ? ಇಷ್ಟ ಲಗೂನ ತಗದಿರಂಗಿಲ್ಲ ತಗೋ."

ನಗು ಬಂದರೂ ಜೋಳ ಬಹಳ ಕಲಿಸಿತು. ಒಬ್ಬಳೇ ಓಡುವಾಗ ನನಗೆ ಗಿಡ, ನೆರಳು, ನೀರು ಕಂಡರೆ ಸಾಕಿತ್ತು. ಗಾಡಿ ಹಿಡಿದ ಮೇಲೆ ಕಣ್ಣು ನೆಲಕ್ಕಿಳಿಯಿತು. ಫುಟ್‌ಪಾತು ಎಲ್ಲಿ ತುಂಡಾಗುತ್ತೆ, ಚೇಂಬರಿನ ಮುಚ್ಚಳ ಎಲ್ಲಿ ಎದ್ದಿದೆ, ಗೇಟು ಎಷ್ಟು ಅಗಲ. ಮನೆ ಹತ್ತಿರದ ಒಂದು ಉದ್ಯಾನ ಎಷ್ಟು ಚೆಂದ ಗೊತ್ತಾ! ಆದರೆ ದನ ನುಗ್ಗಬಾರದು ಅಂತ ಬಾಗಿಲಿಗೆ ಅಂಕುಡೊಂಕು ಕಬ್ಬಿಣದ ಪೈಪು ನೆಟ್ಟಿದ್ದಾರೆ. ದನದ ಜೊತೆ ನಾವೂ ಹೊರಗೆ. ಗಾಡಿ ಮಡಚಿ, ಜೋಳ ಕಂಕುಳಲ್ಲಿಟ್ಟು ಒಳಗೆ ಹೋಗಿ ನೋಡಿದೆ. ಒಳಗೆ ಒಂದು ಸುತ್ತು ಹಾಕುವಷ್ಟರಲ್ಲಿ ಎರಡು ಕಡೆ ಮೆಟ್ಟಿಲು. ಅಲ್ಲಿಗೆ ಅದನ್ನು ಬಿಟ್ಟೆ.

ನೃಪತುಂಗ ಬೆಟ್ಟವನ್ನೂ ಬಿಟ್ಟೆ. ಹತ್ತೋದು ಆಗುತ್ತೆ, ಇಳಿಯೋದೇ ಫಜೀತಿ. ಇಳಿಜಾರಿನಲ್ಲಿ ಗಾಡಿಯೇ ನಮ್ಮನ್ನು ಎಳೆಯುತ್ತೆ. ಹಿಡಿಕೆಯಿಂದ ಒಂದು ಪಟ್ಟಿ ಇಳಿಬಿದ್ದಿರುತ್ತಲ್ಲ, ಅದನ್ನು ಸಪಾಟು ದಾರಿಯಲ್ಲೂ ಮಣಿಕಟ್ಟಿಗೆ ಹಾಕಿಕೊಳ್ಳದೆ ನಾನು ಹೆಜ್ಜೆ ಇಡೋದಿಲ್ಲ.

ಹುಬ್ಬಳ್ಳಿಯಲ್ಲಿ ನನಗೆ ಒಗ್ಗಿದ್ದು ತೋಳನಕೆರೆ. ಕೆರೆ ಸುತ್ತ ನಡೆಯುವ ದಾರಿ ಇದೆ, ವಾಹನದ ಕಾಟ ಇಲ್ಲ. ಆರಕ್ಕೆ ಹೋದರೆ ಜಾಗ ಖಾಲಿ. ಆರೂವರೆ ಆಯ್ತಂದ್ರೆ ಹಿರಿಯರು ನಾಲ್ಕು ನಾಲ್ಕು ಜನ ಸಾಲಾಗಿ ಹರಟುತ್ತಾ ಹೊರಡುತ್ತಾರೆ. ಗಂಟೆ ಬಾರಿಸೋಕೆ ನನಗೆ ನಾಚಿಕೆ, ಸುಮ್ನೆ ಹಿಂದೆ ನಡೆಯುತ್ತೇನೆ. ಗಾಡಿಯಲ್ಲಿ ಕೂಸು ಮುಂದಕ್ಕೆ ಮುಖ ಮಾಡಿ ಕೂತಿರುತ್ತೆ. ಬೆಳಿಗ್ಗೆ ಪೂರ್ವಕ್ಕೆ ಓಡಿದರೆ ಬಿಸಿಲು ನೇರ ಅದರ ಕಣ್ಣಿಗೆ. ಅದಕ್ಕೇ ಯಾವ ಮಗ್ಗುಲಿಂದ ಸುತ್ತು ಶುರು ಮಾಡಬೇಕು ಅನ್ನೋದನ್ನು ಗಿಡಗಳ ನೆರಳು ನೋಡಿ ಗೊತ್ತುಮಾಡಿಕೊಂಡೆ. ಬಿಸಿಲು ಅಂತ ಗಾಡಿಗೆ ಸೀರೆ, ದುಪಟ್ಟಾ ಹೊದಿಸಬೇಡಿ. ಒಳಗೆ ಗಾಳಿ ಆಡದೆ ಸೆಕೆ ಕಟ್ಟುತ್ತೆ. ಏಪ್ರಿಲ್‌ನಲ್ಲಿ ನಾನು ಏಳರೊಳಗೆ ಮನೆಗೆ.

ಶನಿವಾರ ಮಾತ್ರ ಧಾರವಾಡ. ಸಪ್ತಾಪುರದಲ್ಲಿ ತವರು. ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡುವ ಚಿಗರಿ ಬಸ್ಸಿನ ಉಪಕಾರ ನನಗೆ ಅರ್ಥವಾದದ್ದೇ ಗಾಡಿ ಬಂದ ಮೇಲೆ. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಮಟ್ಟ. ಗಾಡಿ ಎತ್ತಬೇಕಿಲ್ಲ, ತಳ್ಳಿದರೆ ಸಾಕು. ಆಫೀಸ್ ಹೊತ್ತಿನಲ್ಲಿ ಸಾಧ್ಯವಿಲ್ಲ ಬಿಡಿ, ಬೆಳಗಿನ ಜಾವದ ಬಸ್ಸಿನಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಅಲ್ಲಿಂದ ಕರ್ನಾಟಕ ವಿಶ್ವವಿದ್ಯಾಲಯದ ಆವರಣ. ಡಾಂಬರು ರಸ್ತೆ, ಎರಡೂ ಕಡೆ ಗಿಡ, ನವಿಲಿನ ಕೂಗು. ಏರು ಇದೆ, ಏರಿನಲ್ಲಿ ನಡೆಯುತ್ತೇನೆ. ಐದು ಕಿಲೋಮೀಟರಿಗೆ ಮೊದಲು ಅರ್ಧ ಗಂಟೆ ಸಾಕಾಗುತ್ತಿತ್ತು, ಗಾಡಿ ಜೊತೆ ನಲವತ್ತು ನಿಮಿಷ. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಬೀಸೋಕೆ. ಆಗಾಗ ಕೈ ಬದಲಿಸದಿದ್ದರೆ ಭುಜ ಹಿಡಿದುಕೊಳ್ಳುತ್ತೆ.

ಒಮ್ಮೆ ಆಸೆಗೆ ಬಿದ್ದು ಕೆಟ್ಟೆ. ಜುಲೈ ತಿಂಗಳು, ಹುಬ್ಬಳ್ಳಿಯ ಗದಗ ರಸ್ತೆ ಕಡೆ ಕೊನೆಯ ಲೇಔಟ್ ದಾಟಿದರೆ ಹೆಸರಿನ ಹೊಲ ಹಸಿರೋ ಹಸಿರು. ಬಂಡಿ ದಾರಿ ಒಣಗಿದಂತೆ ಕಂಡಿತು. ಇನ್ನೂರು ಹೆಜ್ಜೆ ಹೋಗಿರಬೇಕು, ಗಾಲಿ ತಿರುಗೋದೇ ನಿಂತಿತು. ಎರೆ ಮಣ್ಣು ಟೈರಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡು ಚೌಕಟ್ಟಿನ ಸಂದಿ ತುಂಬಿತ್ತು. ಮಗಳನ್ನು ಕಂಕುಳಲ್ಲಿಟ್ಟು ಕಡ್ಡಿಯಿಂದ ಕೆರೆದೆ, ಹತ್ತು ಹೆಜ್ಜೆಗೆ ಮತ್ತೆ ಅಷ್ಟೇ. ಕೊನೆಗೆ ಗಾಡಿಯನ್ನು ಎಳೆದುಕೊಂಡೇ ಬಂದೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರು ಇಂಗುತ್ತೆ. ಹುಬ್ಬಳ್ಳಿಯ ಪೂರ್ವಕ್ಕೆ ಎರೆ, ಮೇಲೆ ಒಣಗಿದ್ದರೂ ಒಳಗೆ ಹಸಿ. ಮಳೆಗಾಲ ಪೂರ್ತಿ ಡಾಂಬರೇ ಗತಿ.

ಇನ್ನೊಂದು ಶತ್ರು ಜಾಲಿ ಮುಳ್ಳು. ಮೊದಲ ಸಲ ಪಂಕ್ಚರ್ ಆದಾಗ ಈ ಗಾಡಿಯ ಟ್ಯೂಬು ಬೆಂಗಳೂರಿಂದಲೇ ತರಿಸಬೇಕೇನೋ ಅಂತ ಗಾಬರಿಯಾಗಿದ್ದೆ. ಪಂಕ್ಚರ್ ಅಂಗಡಿಯವರು ಗಾಲಿ ಬಿಚ್ಚಿ, ಟೈರಿನ ಮೇಲಿನ ಅಂಕಿ ಓದಿ ನಕ್ಕರು. "ಅಕ್ಕಾರ, ಇದು ಹನ್ನೆರಡು ಇಂಚಿನ ಹುಡುಗೂರ ಸೈಕಲ್ ಟ್ಯೂಬ್ ಐತ್ರಿ." ಈಗ ಎರಡು ಟ್ಯೂಬು ಮನೆಯಲ್ಲೇ ಇವೆ.

ಮಗಳಿಗೆ ಈಗ ಒಂದೂವರೆ ವರ್ಷ. ಬೆಲ್ಟು ಹಾಕೋವಾಗಲೇ ಬಿಲ್ಲಿನ ಹಾಗೆ ಬೆನ್ನು ಸೆಟೆಸುತ್ತಾಳೆ. ಕಳೆದ ಶನಿವಾರ ಓಡಿದ್ದು ಎರಡೇ ಕಿಲೋಮೀಟರ್. ಉಳಿದ ಹೊತ್ತು ಅವಳು ಗಾಡಿ ತಳ್ಳಿದಳು. ಅದರಲ್ಲಿ ನನ್ನ ನೀರಿನ ಬಾಟಲಿ ಕೂತಿತ್ತು, ಬೆಲ್ಟು ಹಾಕಿಕೊಂಡು.