ತಾಂಬೂಲದ ಜೊತೆಗಿನ ಲಕೋಟೆ

ರಾಮನವಮಿ ಬಂತೆಂದರೆ ಬೆಂಗಳೂರಿನಲ್ಲಿ ಮೃದಂಗ ನುಡಿಸುವ ನನ್ನಂಥವರಿಗೆ ಸುಗ್ಗಿ. ಒಂದು ವರ್ಷ ಬಡಾವಣೆಯೊಂದರ ಪೆಂಡಾಲಿನಲ್ಲಿ ಎರಡೂವರೆ ಗಂಟೆ ನುಡಿಸಿ, ಪಾನಕ ಕುಡಿದು, ಶಾಲು ಹೊದಿಸಿಕೊಂಡು ಹೊರಟೆ. ದಾರಿಯಲ್ಲಿ ಲಕೋಟೆ ಬಿಚ್ಚಿದರೆ 501 ರೂಪಾಯಿ. ಹೋಗಿಬರುವ ಆಟೋಗೇ 460 ಆಗಿತ್ತು.

ಅದೇ ವಾರ ಮೃದಂಗಕ್ಕೆ ಚರ್ಮದ ಮುಚ್ಚಿಗೆ ಹಾಕಿಸಬೇಕಿತ್ತು. ಬಲಗಡೆಯ ಕರಣೆ, ಅಂದರೆ ನಡುವಿನ ಕಪ್ಪು ಲೇಪ, ಬಿರುಕು ಬಿಟ್ಟು, ಎಷ್ಟು ತಟ್ಟಿದರೂ ಶ್ರುತಿ ನಿಲ್ಲುತ್ತಿರಲಿಲ್ಲ. ರಿಪೇರಿಯವರು ಕಲ್ಲಿನ ಪುಡಿಗೆ ಅನ್ನ ಕಲಸಿ, ಪದರದ ಮೇಲೆ ಪದರ ತಿಕ್ಕಿ, ನಡುನಡುವೆ ಬೆರಳಿನಿಂದ ಬಡಿದು ಕೇಳುತ್ತಾ ಅರ್ಧ ದಿನ ಕುಳಿತರು. 3,200 ರೂಪಾಯಿ ಎಂದರು. ‘ಶಾಲು ಕೊಟ್ಟರೆ ಆಗುತ್ತದೆಯೇ?’ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಆಮೇಲೆ ಫೋನ್ ಬಂದಾಗಲೇ ಸಂಭಾವನೆ ಎಷ್ಟೆಂದು ಕೇಳತೊಡಗಿದೆ. ಮೊದಲ ಸಲ ಗಂಟಲು ಒಣಗಿತ್ತು. ‘ಇದು ರಾಮನ ಸೇವೆ ಅಲ್ಲವೇ ಸ್ವಾಮಿ? ತ್ಯಾಗರಾಜರು ದುಡ್ಡು ಕೇಳಿದ್ದರೇ?’ ಎಂದರು ಆ ಕಡೆಯವರು. ಮೈಕಿನವನಿಗೂ ಶಾಮಿಯಾನದವನಿಗೂ ಮುಂಗಡ ಕೊಟ್ಟಿದ್ದೀರಲ್ಲ ಎನ್ನಲು ಬಾಯಿ ಬರಲಿಲ್ಲ; ನನ್ನ ಮೊತ್ತವನ್ನಷ್ಟೇ ಹೇಳಿದೆ. ತ್ಯಾಗರಾಜರು ತಂಜಾವೂರಿನ ಆಸ್ಥಾನಕ್ಕೆ ಹೋಗಲೊಪ್ಪಲಿಲ್ಲ, ನಿಜ. ಆದರೆ ಅವರು ಹಾಡುತ್ತಾ ಭಿಕ್ಷೆ ಬೇಡುವ ಉಂಛವೃತ್ತಿಗೆ ಹೊರಟರೆ ತಿರುವೈಯಾರಿನ ಮನೆಮನೆಯವರು ಅಕ್ಕಿ ಹಾಕುತ್ತಿದ್ದರು. ನನ್ನ ಬೀದಿಯಲ್ಲಿ ಜೋಳಿಗೆ ಹಿಡಿದರೆ ನಾಯಿ ಬಿಡುತ್ತಾರೆ.

ಪಕ್ಕವಾದ್ಯದವರ ಪಾಡು ಇನ್ನೊಂದು. ಒಟ್ಟು ಹಣ ಗಾಯಕರ ಕೈಗೆ ಹೋಗುತ್ತದೆ. ಅಲ್ಲಿಂದ ನಮಗೆಷ್ಟು ಇಳಿಯುತ್ತದೆ ಎಂದು ಕೇಳುವುದು ಅವಿನಯ. ಈಗ ನಾನು ಗಾಯಕರೊಂದಿಗೂ ಮೊದಲೇ ಮಾತಾಡಿ, ಮೊತ್ತವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸುತ್ತೇನೆ, ಪ್ರಯಾಣದ ಖರ್ಚು ಬೇರೆ. ಇಬ್ಬರು ಹಿರಿಯರು ಮುನಿಸಿಕೊಂಡರು. ಒಬ್ಬರು ಇನ್ನೂ ಮಾತಾಡಿಲ್ಲ.

ನಮ್ಮ ಬೀದಿಯ ಗುಡಿಯಲ್ಲಿ, ಗುರುಗಳ ಆರಾಧನೆಯಲ್ಲಿ ಬಿಡಿಗಾಸು ಮುಟ್ಟುವುದಿಲ್ಲ. ಅರ್ಧ ಬೆಲೆ ಮಾತ್ರ ನನ್ನಲ್ಲಿಲ್ಲ: ಕೊಟ್ಟರೆ ಪೂರ್ತಿ, ಇಲ್ಲವಾದರೆ ಪುಕ್ಕಟೆ. ಚೌಕಾಸಿ ಮಾಡಿಕೊಂಡು ವೇದಿಕೆ ಹತ್ತಿದ ದಿನ ತನಿಯಲ್ಲಿ, ಅಂದರೆ ಹಾಡು ನಿಂತು ಮೃದಂಗವೇ ಮಾತಾಡುವ ಹೊತ್ತಿನಲ್ಲಿ, ಕೈ ಓಡುವುದಿಲ್ಲ.

ಆ ಬಡಾವಣೆಯವರು ಮತ್ತೆ ಕರೆದಿಲ್ಲ. ಶಾಲು ಮಾತ್ರ ಉಪಯೋಗಕ್ಕೆ ಬಂದಿದೆ. ಊರಿಗೆ ಬಸ್ಸಿನಲ್ಲಿ ಹೋಗುವಾಗ ಮೃದಂಗಕ್ಕೆ ಸುತ್ತುತ್ತೇನೆ, ಜರಿ ಚರ್ಮಕ್ಕೆ ತಾಗದಂತೆ ಹೊರಮಗ್ಗುಲಿಗೆ ಮಾಡಿ.