ಕಿಟಕಿಯ ಗಾಜಿನಾಚೆಯಿಂದ ಎದೆಯ ಎಕ್ಸ್‌ರೇ: ಕೋವಿಡ್ ವಾರ್ಡಿನ ನನ್ನ ಅನುಭವ

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದ ಮೇಲೆ ಬಾಗಲಕೋಟೆಯ ನಮ್ಮ ಎಕ್ಸ್‌ರೇ ವಿಭಾಗದಲ್ಲಿ ದಿನಕ್ಕೆ 80ರಷ್ಟಿದ್ದ ಕೆಲಸ 10-15ಕ್ಕೆ ಇಳಿಯಿತು. ಬಸ್ಸುಗಳಿಲ್ಲದೆ ಇಳಕಲ್ಲು, ಬಾದಾಮಿ, ಮುಧೋಳ ಕಡೆಯ ಹೊರರೋಗಿಗಳು ಬರುವುದೇ ನಿಂತಿತು. ಕೆಲಸ ಇಳಿದರೂ ಖರ್ಚು ಏರಿತು. ಕೋವಿಡ್ ವಾರ್ಡಿಗೆ ಪೋರ್ಟೆಬಲ್ ಎಕ್ಸ್‌ರೇ ಯಂತ್ರ ಒಯ್ದಾಗಲೆಲ್ಲ ಆಗ ಸುಮಾರು 1,200 ರೂಪಾಯಿಯ ಪಿಪಿಇ ಕಿಟ್ ಒಂದು ಹೋಗುತ್ತಿತ್ತು, ಯಂತ್ರವನ್ನು ಒರೆಸಿ ಒಣಗಿಸಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಯಂತ್ರವನ್ನು ವರಾಂಡದಲ್ಲೇ ನಿಲ್ಲಿಸಿ, ಮುಚ್ಚಿದ ಕಿಟಕಿಯ ಗಾಜಿನ ಮೂಲಕವೇ ಎಕ್ಸ್‌ಪೋಜರ್ ಕೊಡೋಣವೆಂದು, ಅಂದರೆ ಕಿರಣ ಹಾಯಿಸೋಣವೆಂದು, ನಾನು ಹೇಳಿದಾಗ, 100 ಎಂಎ (ಮಿಲಿಆಂಪಿಯರ್) ಯಂತ್ರದಿಂದ ಅದು ಸಾಧ್ಯವಿಲ್ಲವೆಂದು ವೈದ್ಯರೂ ಸಹೋದ್ಯೋಗಿಗಳೂ ಖಚಿತವಾಗಿ ನುಡಿದರು. ಅವರ ಮಾತಿಗೆ ಆಧಾರವಿತ್ತು: ಯಂತ್ರದ ದೂರ 40 ಇಂಚಿನಿಂದ 72 ಇಂಚಿಗೆ ಸರಿದರೆ ಎಂಎಎಸ್ (ಎಂಎಯನ್ನು ಸೆಕೆಂಡುಗಳಿಂದ ಗುಣಿಸಿದ್ದು, ಅಂದರೆ ಕಿರಣದ ಪ್ರಮಾಣ) ಮೂರು ಪಟ್ಟಿಗಿಂತ ಹೆಚ್ಚು ಬೇಕು, ಅದರ ಮೇಲೆ ಗಾಜೂ ಒಂದಷ್ಟು ನುಂಗುತ್ತದೆ. ಮೊದಲ ಚಿತ್ರಗಳಲ್ಲಿ ಕಿಟಕಿಯ ಸರಳುಗಳ ನೆರಳು ಪಕ್ಕೆಲುಬುಗಳ ಮೇಲೆ ಅಡ್ಡಡ್ಡವಾಗಿ ಬಿದ್ದಿತ್ತು. ವೆಲ್ಡಿಂಗ್ ಅಂಗಡಿಗಳೆಲ್ಲ ಮುಚ್ಚಿದ್ದರಿಂದ ಒಬ್ಬರಿಗೆ ಪಾಸ್ ಮಾಡಿಸಿ ಕರೆತಂದು ನಡುವಿನ ಸರಳುಗಳನ್ನು ಕತ್ತರಿಸಿ ತೆಗೆಸಿದೆವು. ಹೂವಿನ ಅಚ್ಚಿನ ಗಾಜನ್ನು ಕಿತ್ತು 4 ಮಿಲಿಮೀಟರಿನ ಸಾದಾ ಗಾಜು ಕೂರಿಸಿದೆವು. ಕೂಲಿಯೂ ಸೇರಿ 2,000 ರೂಪಾಯಿಯ ಒಳಗೇ ಮುಗಿಯಿತು.

ನಿಜವಾದ ತೊಡಕು ಆಮೇಲೆ ಕಾಣಿಸಿತು. ಎಂಎಎಸ್ ಏರಿಸಿದಂತೆ ಎಕ್ಸ್‌ಪೋಜರ್ ಸಮಯ ಉದ್ದವಾಗಿ, ಏದುಸಿರು ಬಿಡುತ್ತಿದ್ದ ರೋಗಿಗಳ ವಪೆಯ (ಎದೆ-ಹೊಟ್ಟೆಯ ನಡುವಿನ ಸ್ನಾಯುಪದರದ) ಅಂಚು ಮಸುಕಾಗುತ್ತಿತ್ತು. ಶ್ವಾಸಕೋಶದ ಕೆಳಭಾಗದ ಅಂಚಿನಲ್ಲಿ ಮಬ್ಬು ಹುಡುಕುವ ಈ ಕಾಯಿಲೆಯಲ್ಲಿ ಅಂಥ ಚಿತ್ರ ಇದ್ದೂ ಇಲ್ಲದಂತೆ. ಕಿರಣದ ತೂರುವ ಶಕ್ತಿಯನ್ನು ನಿರ್ಧರಿಸುವ ಕೆವಿಯನ್ನು (ಕಿಲೋವೋಲ್ಟ್) 70ರಿಂದ 95ರ ಆಸುಪಾಸಿಗೆ ಒಯ್ದು, ಸಮಯವನ್ನು ಮೊಟಕುಗೊಳಿಸಿ, ಕಡಿಮೆಯಾದ ಕಾಂಟ್ರಾಸ್ಟನ್ನು ಸಿಆರ್ (ಚಿತ್ರವನ್ನು ಕಂಪ್ಯೂಟರಿಗೆ ಓದಿಸುವ ವ್ಯವಸ್ಥೆ) ಪ್ರೊಸೆಸಿಂಗ್‌ನಲ್ಲಿ ಸರಿಪಡಿಸಿಕೊಂಡೆ. ಮೊದಲೇ ಕಿಟ್ ತೊಟ್ಟಿರುತ್ತಿದ್ದ ನರ್ಸ್, ಎರಡು ಪ್ಲಾಸ್ಟಿಕ್ ಚೀಲದೊಳಗಿನ ಕ್ಯಾಸೆಟ್ಟನ್ನು (ಚಿತ್ರ ಮೂಡುವ ಫಲಕದ ಚಪ್ಪಟೆ ಪೆಟ್ಟಿಗೆ) ರೋಗಿಯ ಬೆನ್ನಿಗಿಟ್ಟು, ಲೆಡ್ ಏಪ್ರನ್ ಧರಿಸಿ ಎರಡು ಮೀಟರ್ ಪಕ್ಕಕ್ಕೆ ಸರಿಯುತ್ತಿದ್ದರು. ಬಾಗಿಲಲ್ಲಿ ಹೊರಚೀಲ ಅವರ ಕೈಯಲ್ಲೇ ಉಳಿಯುತ್ತಿತ್ತು, ಒಳಚೀಲ ನನ್ನ ಕೈಗೆ ಬರುತ್ತಿತ್ತು. ಕಿರಣ ಎದೆಯ ನಡುವಿಗೇ ಬೀಳಲೆಂದು ಗಾಜಿನ ಮೇಲೆ ನಾನು ಹಾಕಿಕೊಂಡ ಸೆಂಟರಿಂಗ್ ಗುರುತುಗಳ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ; ವಿಭಾಗಕ್ಕೆ ಬಂದವರಿಗೆ ತೋರಿಸಿಕೊಡುತ್ತೇನೆ.

ಈ ನಡುವೆ, ನೀರಿನ ಫಿಲ್ಟರಿನ ಯುವಿ ದೀಪದಿಂದ ಕ್ಯಾಸೆಟ್ ಶುದ್ಧಿಯ ಪೆಟ್ಟಿಗೆಯೊಂದನ್ನೂ ಕಟ್ಟಿದ್ದೆ. ದೀಪದ ನೆರಳು ಬಿದ್ದ ಮೂಲೆಗಳು ಶುದ್ಧವಾಗುವ ಭರವಸೆ ಇರಲಿಲ್ಲವಾದ್ದರಿಂದ ಅದನ್ನು ಕೈಬಿಟ್ಟು ಚೀಲಗಳನ್ನೇ ನಂಬಿದೆ.

2021ರ ಏಪ್ರಿಲ್-ಮೇ ತಿಂಗಳಲ್ಲಿ ಎಲ್ಲರೂ ಎಚ್‌ಆರ್‌ಸಿಟಿಗೆ (ಎದೆಯ ಸೂಕ್ಷ್ಮ ಸಿಟಿ ಸ್ಕ್ಯಾನ್) ಮುಗಿಬಿದ್ದು, ಸರ್ಕಾರವೇ ಅದರ ದರಕ್ಕೆ ಮಿತಿ ಹಾಕಬೇಕಾಯಿತು. ಆಮ್ಲಜನಕದ ಮೇಲಿದ್ದವರನ್ನು ಸಿಟಿ ಕೋಣೆಯವರೆಗೆ ಸಾಗಿಸುವುದೇ ಅಪಾಯವಾಗಿದ್ದ ಆ ದಿನಗಳಲ್ಲಿ, ಒಂದೇ ಪಾಳಿಯಲ್ಲಿ 25ರಷ್ಟು ಎದೆಯ ಚಿತ್ರಗಳನ್ನು ಆ ವರಾಂಡದಿಂದಲೇ ತೆಗೆದೆ. ಮೊದಲು ಒಪ್ಪದಿದ್ದ ವೈದ್ಯರೇ ಪಕ್ಕದ ಕೋಣೆಯ ಕಿಟಕಿಗೂ ಸಾದಾ ಗಾಜು ಹಾಕಿಸಿದರು.